ನಟಶ್ರೇಷ್ಠ ಬಳ್ಳಾರಿ ರಾಘವಾಚಾರ್ಯರು

ಹೊಟ್ಟೆಪಾಡಿಗಾಗಿ ನಾಟಕ ಕಂಪನಿ ಸೇರುವವರುಂಟು. ಹೆಸರಿನ ಹಂಬಲದಿಂದ ಬಣ್ಣ ಹಚ್ಚುವವರೂ ಉಂಟು. ಆದರೆ ಕೈತುಂಬ ಸಂಪಾದನೆಯಿದ್ದು, ಸಮಾಜದಲ್ಲಿ ಗೌರವದ ಸ್ಥಾನವಿದ್ದೂ ಒಬ್ಬ ವಿದ್ಯಾವಂತನು ಜೀವಮಾನವೆಲ್ಲ ರಂಗಭೂಮಿಯನ್ನು ಏಕೆ ಬಿಡಲಿಲ್ಲ? ಬಳ್ಳಾರಿಯ ರಾಘವಾಚಾರ್ಯರ ಬಾಳನ್ನು ನೋಡುವಾಗ ಏಳುವ ಪ್ರಶ್ನೆಯಿದು.

ರಾಘವಾಚಾರ್ಯರು 1880ನೆಯ ಆಗಸ್ಟ್ 2ರಂದು ಅನಂತಪುರ ಜಿಲ್ಲೆಯ ತಾಡಪತ್ರಿಯಲ್ಲಿ ಜನಿಸಿದರು. ಬಳ್ಳಾರಿ ಆಗ ಮದರಾಸು ಪ್ರಾಂತಕ್ಕೆ ಸೇರಿದ್ದ, ಕನ್ನಡ ತೆಲುಗುಗಳೆರಡೂ ನಡೆದಾಡುತ್ತಿದ್ದ ಊರು. ಅವರ ಸೋದರಮಾವ ಧರ್ಮವರಂ ರಾಮಕೃಷ್ಣಮಾಚಾರ್ಯರು ಅಲ್ಲಿ ವಕೀಲರು. ನಾಟಕಗಳನ್ನು ಬರೆದು, ಸರಸ ವಿನೋದಿನೀ ಸಭೆಯನ್ನು ಕಟ್ಟಿ ಆಡಿಸುತ್ತಿದ್ದವರು. ಊರಿನ ಇನ್ನೊಬ್ಬ ವಕೀಲರಾದ ಕೋಲಾಚಲಂ ಶ್ರೀನಿವಾಸರಾಯರದು ಸುಮನೋರಮಾ ಸಭೆ. ಹೀಗೆ ನ್ಯಾಯಾಲಯವೂ ರಂಗಭೂಮಿಯೂ ಒಂದೇ ಬಾಳಿನಲ್ಲಿ ಹೊಂದಿಕೊಳ್ಳಬಲ್ಲವೆಂಬುದನ್ನು ಬಾಲಕ ರಾಘವನು ಮನೆಯಲ್ಲಿಯೇ ಕಂಡನು. ಆಸೆಗೆ ಬೀಜ ಅಲ್ಲಿಯೇ ಬಿದ್ದಿರಬೇಕು.

ಮದರಾಸಿನಲ್ಲಿ ಓದಿ ಅವರೂ ವಕೀಲರಾದರು. ಕ್ರಿಮಿನಲ್ ಮೊಕದ್ದಮೆಗಳಲ್ಲಿ ಹೆಸರು ಮಾಡಿ ಸರ್ಕಾರಿ ವಕೀಲರೂ ಆದರು. ಕೊಲೆ, ದ್ವೇಷ, ಪಶ್ಚಾತ್ತಾಪಗಳನ್ನು ಹಗಲು ಕಟಕಟೆಯಲ್ಲಿ ಕಾಣುತ್ತಿದ್ದವರಿಗೆ ಒಥೆಲೊ, ಶೈಲಾಕ್, ಹಿರಣ್ಯಕಶಿಪು ಅಪರಿಚಿತರಾಗಿ ತೋರಿರಲಾರರು. ಹಾಡಿನ ಅಬ್ಬರವೇ ನಾಟಕವೆಂದು ಜನ ತಿಳಿದಿದ್ದ ಕಾಲದಲ್ಲಿ ಅವರು ಮಾತು, ಮುಖಭಾವ, ಮೌನಗಳನ್ನು ನಂಬಿದರು. ತೆಲುಗು, ಕನ್ನಡ, ಇಂಗ್ಲಿಷ್, ಹಿಂದಿಗಳಲ್ಲಿ ಅಭಿನಯಿಸಿದರು. ಸಂಪಾದನೆಗೆ ವಕೀಲಿ ಇದ್ದುದರಿಂದ ಪ್ರೇಕ್ಷಕರು ಕೇಳಿದ್ದನ್ನೇ ಕೊಡಬೇಕಾದ ಹಂಗು ಅವರಿಗಿರಲಿಲ್ಲ.

1927ರಲ್ಲಿ ಇಂಗ್ಲೆಂಡಿಗೆ ಹೋಗಿ ಅಲ್ಲಿನ ರಂಗಭೂಮಿಯನ್ನು ಕಂಡರು, ಬರ್ನಾರ್ಡ್ ಷಾ ಅವರನ್ನು ಭೇಟಿಯಾದರು. ಸ್ತ್ರೀಪಾತ್ರಗಳನ್ನು ಸ್ತ್ರೀಯರೇ ವಹಿಸಬೇಕೆಂಬುದು ಅವರ ನಿಲುವು. ಕುಲೀನ ಮನೆತನದ ಹೆಣ್ಣು ರಂಗವೇರುವುದೇ ಅಪಚಾರವೆನಿಸಿದ್ದ ದಿನಗಳಲ್ಲಿ ಕೊಮ್ಮೂರಿ ಪದ್ಮಾವತೀದೇವಿಯವರಂಥ ಕಲಾವಿದೆಯರನ್ನು ಪ್ರೋತ್ಸಾಹಿಸಿದರು. 1939ರಲ್ಲಿ, ಅರವತ್ತರ ಅಂಚಿನಲ್ಲಿ, ಜಮೀನ್ದಾರಿ ಪದ್ಧತಿಯ ಅನ್ಯಾಯವನ್ನು ತೋರಿದ ‘ರೈತು ಬಿಡ್ಡ’ ಎಂಬ ತೆಲುಗು ಚಿತ್ರದಲ್ಲಿ ರೈತನಾಗಿ ನಟಿಸಿದರು. ಸರ್ಕಾರದಿಂದ ರಾವ್ ಬಹದ್ದೂರ್ ಬಿರುದು ಪಡೆದವರು ಸಾಲದಲ್ಲಿ ನಲುಗಿದ ಒಕ್ಕಲಿಗನ ವೇಷ ಧರಿಸಿದ್ದು ಸಣ್ಣ ಸಂಗತಿಯಲ್ಲ. 1946ನೆಯ ಏಪ್ರಿಲ್ 16ರಂದು ಅವರು ತೀರಿಕೊಂಡರು. ಬಳ್ಳಾರಿಯ ರಾಘವ ಕಲಾ ಮಂದಿರ ಅವರ ಹೆಸರನ್ನು ಉಳಿಸಿದೆ.

ಹಾಗಾದರೆ ಅವರು ನಟಿಸಿದ್ದೇಕೆ? ಪರರ ಅಂತರಂಗವನ್ನು ಅರಿಯುವ ಹಸಿವೇ ಕಾರಣವೆಂದು ಅವರು ಆರಿಸಿದ ಪಾತ್ರಗಳೇ ಸಾರುವಂತಿವೆ. ದುಷ್ಟನನ್ನೂ ನೊಂದವನನ್ನೂ ಒಳಗಿನಿಂದ ತಿಳಿಯಲು ನ್ಯಾಯಾಲಯವೊಂದೇ ಅವರಿಗೆ ಸಾಲದಾಯಿತು.

ಅವರಿಗೆ ವಿದ್ಯೆಯ ಮನೆತನವಿತ್ತು, ದಾರಿ ತೋರುವ ಮಾವನಿದ್ದರು ಎಂಬುದನ್ನು ಮರೆಯಲಾಗದು. ಮನೆಯಲ್ಲಿ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದ ನಮ್ಮಲ್ಲಿ ಅನೇಕರಿಗೆ ಆ ಅನುಕೂಲವಿಲ್ಲ. ಪದವಿಯಾದೊಡನೆ ದುಡಿಮೆ ಹುಡುಕುವುದು ನಮ್ಮ ಕರ್ತವ್ಯ. ಹೆತ್ತವರ ನಿರೀಕ್ಷೆಯೂ ಅದೇ, ಅದು ತಪ್ಪಲ್ಲ. ಆದರೆ ದುಡಿಮೆ ದೊರೆತ ಮಾತ್ರಕ್ಕೆ ಕಲೆಯನ್ನು ಕೈಬಿಡಬೇಕಿಲ್ಲ. ಸಂಜೆಯ ಎರಡು ಗಂಟೆಗಳನ್ನಾದರೂ ಶಿಸ್ತಿನಿಂದ ರಂಗಕ್ಕೆ ಮೀಸಲಿಡುವವನು ರಾಘವಾಚಾರ್ಯರ ಹಾದಿಯಲ್ಲಿಯೇ ಇದ್ದಾನೆ.