ಸರ್ ಗಿಲ್ಬರ್ಟ್ ವಾಕರ್

ಪುಣೆಯ ಪೂರ್ವಕ್ಕೆ, ಮುಳಾ-ಮುಠಾ ನದಿಯ ದಡದಲ್ಲಿರುವ ಖರಾಡಿಯು ಹಿಂದೆ ಒಂದು ಹಳ್ಳಿಯಾಗಿತ್ತು. ಇಂದು ಎತ್ತರದ ಕಟ್ಟಡಗಳಿಂದ ತುಂಬಿದ ಬಡಾವಣೆಯಾಗಿದೆ. ಅಲ್ಲಿ ಸೆಕೆಯು ಮೊದಲಿಗಿಂತ ಹೆಚ್ಚಿದೆಯೆಂದು ಯಾರಾದರೂ ಹೇಳಿದರೆ, ಅದರ ಸತ್ಯಾಸತ್ಯತೆಯನ್ನು ಅರಿಯುವುದೆಂತು? ಇಂತಹ ಪ್ರಶ್ನೆಗಳನ್ನು ಅಂಕಿಗಳಿಂದಲೇ ಬಿಡಿಸಬೇಕೆಂದು ತೋರಿಸಿಕೊಟ್ಟ ಮಹನೀಯರಲ್ಲಿ ಸರ್ ಗಿಲ್ಬರ್ಟ್ ವಾಕರ್ ಅವರು ಅಗ್ರಗಣ್ಯರು.

ವಾಕರ್ ಅವರು 1868ನೆಯ ಜೂನ್ 14ರಂದು ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ ಜನಿಸಿದರು. 1889ರಲ್ಲಿ ಕೇಂಬ್ರಿಜ್‌ನ ಗಣಿತ ಪರೀಕ್ಷೆಯಲ್ಲಿ ಪ್ರಥಮ ಸ್ಥಾನವನ್ನು ಪಡೆದರು. ಕೊಳಲಿನಲ್ಲಿಯೂ ಬೂಮರಾಂಗ್ ಎಸೆಯುವುದರಲ್ಲಿಯೂ ಅವರಿಗೆ ಅಪಾರ ಆಸಕ್ತಿ. 1904ರಲ್ಲಿ ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥರಾದ ಅವರು ಮೂಲತಃ ಗಣಿತಜ್ಞರೇ ಹೊರತು ಹವಾಮಾನ ತಜ್ಞರಾಗಿರಲಿಲ್ಲ.

1899ರ ಅನಾವೃಷ್ಟಿಯೂ ಕ್ಷಾಮವೂ ಆಗ ಜನಮನದಿಂದ ಮರೆಯಾಗಿರಲಿಲ್ಲ. ದೇಶದ ಹವೆಯೇ ಕೆಟ್ಟಿತೋ ಎಂಬ ಶಂಕೆಯನ್ನು ಪರಿಹರಿಸಲು ವಾಕರ್ ಅವರು 1841ರಿಂದ 1908ರವರೆಗಿನ ಮಳೆಯ ಲೆಕ್ಕಗಳನ್ನು ಪರಿಶೀಲಿಸಿದರು. ಶಾಶ್ವತವಾದ ಬದಲಾವಣೆಗೆ ಸಾಕಷ್ಟು ಆಧಾರವಿಲ್ಲವೆಂದು 1910ರಲ್ಲಿ ನಿರ್ಣಯಿಸಿದರು. ನೂರಾರು ಸಂಬಂಧಗಳನ್ನು ಹುಡುಕುವವನಿಗೆ ಕೆಲವು ಆಕಸ್ಮಿಕವಾಗಿಯೇ ದೊಡ್ಡವಾಗಿ ಕಾಣುವುವು. ಅವನ್ನು ನಂಬುವ ಮುನ್ನ ಕಠಿಣವಾಗಿ ಪರೀಕ್ಷಿಸಬೇಕೆಂದು 1914ರಲ್ಲಿ ಎಚ್ಚರಿಸಿದರು.

1913ರಲ್ಲಿ ಮದರಾಸಿನಲ್ಲಿ ಬಡ ಗುಮಾಸ್ತ ರಾಮಾನುಜನ್ ಅವರ ಗಣಿತವನ್ನು ಕಂಡು, ಅವರಿಗೆ ನೆರವು ನೀಡುವಂತೆ ವಿಶ್ವವಿದ್ಯಾನಿಲಯಕ್ಕೆ ಪತ್ರ ಬರೆದವರೂ ಇವರೇ. ತಿಂಗಳಿಗೆ 75 ರೂಪಾಯಿಗಳ ವಿದ್ಯಾರ್ಥಿವೇತನ ದೊರೆಯಿತು.

ಪೆಸಿಫಿಕ್ ಮತ್ತು ಹಿಂದೂ ಮಹಾಸಾಗರಗಳ ವಾಯುಭಾರವು ತಕ್ಕಡಿಯ ತಟ್ಟೆಗಳಂತೆ ಏರಿಳಿಯುವುದನ್ನು ಕಂಡುಹಿಡಿದು ಅದಕ್ಕೆ ದಕ್ಷಿಣ ಆಂದೋಲನವೆಂದು ಹೆಸರಿಟ್ಟರು. ಆದರೂ ಮುಂಗಾರನ್ನು ಖಚಿತವಾಗಿ ಮುನ್ಸೂಚಿಸುವ ಅವರ ಆಸೆ ಕೈಗೂಡಲಿಲ್ಲ. 1924ರಲ್ಲಿ ತಾಯ್ನಾಡಿಗೆ ಮರಳಿ ಪ್ರಾಧ್ಯಾಪಕರಾದರು. 1958ನೆಯ ನವೆಂಬರ್ 4ರಂದು ನಿಧನರಾದರು. ಅವರ ಆಂದೋಲನಕ್ಕೂ ಪೆಸಿಫಿಕ್ ಸಾಗರದ ನೀರಿನ ಬಿಸುಪಿಗೂ ಇರುವ ನಂಟನ್ನು ಬ್ಯರ್ಕ್‌ನೆಸ್ ಅವರು ವಿವರಿಸಿದ್ದು 1969ರಲ್ಲಿ. ಅದನ್ನು ಕಾಣುವ ಭಾಗ್ಯ ವಾಕರ್ ಅವರಿಗಿರಲಿಲ್ಲ.

ಇಲಾಖೆಯ ಕಚೇರಿಯು 1928ರಲ್ಲಿ ಸಿಮ್ಲಾದಿಂದ ಪುಣೆಗೆ ಬಂದಿತು. ಶಿವಾಜಿನಗರದ ಆ ಕಟ್ಟಡವನ್ನು ಜನರು ಇಂದಿಗೂ ಸಿಮ್ಲಾ ಆಫೀಸು ಎನ್ನುತ್ತಾರೆ. ಪುಣೆಯ ವಿಜ್ಞಾನಿಗಳೇ 73 ಕೇಂದ್ರಗಳ 1901ರಿಂದ 1982ರವರೆಗಿನ ಉಷ್ಣತೆಯನ್ನು ಪರಿಶೀಲಿಸಿ, ಭಾರತವು ಶತಮಾನಕ್ಕೆ ಸುಮಾರು 0.4 ಡಿಗ್ರಿ ಸೆಲ್ಸಿಯಸ್‌ನಂತೆ ಬಿಸಿಯಾಗುತ್ತಿದೆಯೆಂದು 1985ರಲ್ಲಿ ಪ್ರಕಟಿಸಿದರು. ವಾಕರ್ ಅವರು ಮಳೆಯಲ್ಲಿ ಬದಲಾವಣೆಯನ್ನು ಕಾಣಲಿಲ್ಲ; ಇವರು ಉಷ್ಣತೆಯಲ್ಲಿ ಕಂಡರು. ಉತ್ತರಗಳು ಬೇರೆಯಾದರೂ ಮಾರ್ಗವೊಂದೇ.

ಈ ಕೆಲಸ ಸುಲಭವಲ್ಲ. ಒಂದು ವರ್ಷದ ಬಿಸಿಯು ಮುಂದಿನ ವರ್ಷಕ್ಕೂ ಉಳಿಯಬಹುದು. ಆದುದರಿಂದ ಹತ್ತು ವರ್ಷಗಳು ಹತ್ತು ಸ್ವತಂತ್ರ ಸಾಕ್ಷಿಗಳಾಗಲಾರವು. ಹಿಂದಿನ ಅಂಕಿಯು ಮುಂದಿನದನ್ನು ಎಷ್ಟು ಬಂಧಿಸುವುದೆಂದು ಅಳೆಯುವ ಸಮೀಕರಣಗಳಿಗೆ ಇಂದಿಗೂ ಯೂಲ್ ಮತ್ತು ವಾಕರ್ ಅವರ ಹೆಸರುಗಳೇ ಇವೆ. ಖರಾಡಿಯಂತಹ ಸ್ಥಳದಲ್ಲಾದರೋ ಕಾಂಕ್ರೀಟಿನ ಕಾವನ್ನೂ ಬೇರ್ಪಡಿಸಿ ನೋಡಬೇಕು.

ಬಾಲಮಿತ್ರರೇ, ನಾವೂ ಉಷ್ಣಮಾಪಕವನ್ನು ನೆರಳಿನಲ್ಲಿಟ್ಟು, ಪ್ರತಿದಿನವೂ ಒಂದೇ ವೇಳೆಗೆ ನೋಡಿ ಬರೆದಿಡೋಣ. ನಮ್ಮ ಎಣಿಕೆಗೆ ವಿರುದ್ಧವಾದ ಅಂಕಿಯನ್ನೂ ತಿದ್ದದೆ ಉಳಿಸೋಣ. ವಾಕರ್ ಅವರ ಜೀವನವು ನಮಗೆ ಬಿಟ್ಟುಹೋದ ಪಾಠ ಇದೇ.