ಇರಾವತಿ ಕರ್ವೆ: ಬರ್ಲಿನ್ನಿನ ವಿದ್ಯಾರ್ಥಿನಿ

ಸಂಶೋಧನೆಯ ದೀಕ್ಷೆಯನ್ನು ಗುರುವಿನಿಂದ ಪಡೆಯುವುದು ಒಂದು. ಗುರುವಿನ ಊಹೆಗೆ ಆಧಾರವಿಲ್ಲವೆಂದು ಕಂಡುಬಂದಾಗ ಅದನ್ನು ಗುರುವಿನ ಮುಂದೆಯೇ ಇಡುವುದು ಇನ್ನೊಂದು. ಮೊದಲನೆಯದು ಅನೇಕರಿಗೆ ಸಾಧ್ಯ, ಎರಡನೆಯದು ವಿರಳ. ಮಾನವಶಾಸ್ತ್ರಜ್ಞೆ ಇರಾವತಿ ಕರ್ವೆಯವರಿಗೆ ಈ ಎರಡನೆಯ ಪರೀಕ್ಷೆ ಇಪ್ಪತ್ತೈದು ತುಂಬುವ ಮೊದಲೇ, ಪರದೇಶದಲ್ಲಿ, ಪರಭಾಷೆಯಲ್ಲಿ ಒದಗಿಬಂದಿತು.

ಇರಾವತಿಯವರು ಜನಿಸಿದ್ದು 1905ರ ಡಿಸೆಂಬರ್ 15ರಂದು, ಬರ್ಮಾದ ಮ್ಯಿಂಗ್ಯಾನ್‌ನಲ್ಲಿ. ತಂದೆ ಗಣೇಶ ಹರಿ ಕರ್ಮಾರ್ಕರ್ ಅಲ್ಲಿ ಎಂಜಿನಿಯರರಾಗಿದ್ದರು. ಆ ನಾಡಿನ ಮಹಾನದಿಯ ಹೆಸರನ್ನೇ ಮಗಳಿಗಿಟ್ಟರು. ಏಳನೆಯ ವಯಸ್ಸಿನಲ್ಲಿ ಪುಣೆಯ ಹುಜೂರ್‌ಪಾಗಾ ಶಾಲೆಗೆ ಬಂದ ಬಾಲಕಿ, ಫರ್ಗ್ಯುಸನ್ ಕಾಲೇಜಿನ ಪ್ರಾಂಶುಪಾಲರಾಗಿದ್ದ ರ‍್ಯಾಂಗ್ಲರ್ ಪರಾಂಜಪೆಯವರ ಮನೆಯಲ್ಲಿ ಮಗಳಂತೆ ಬೆಳೆದರು. 1926ರಲ್ಲಿ ತತ್ತ್ವಶಾಸ್ತ್ರದ ಪದವಿಯನ್ನೂ, 1928ರಲ್ಲಿ ಮುಂಬಯಿ ವಿಶ್ವವಿದ್ಯಾಲಯದಲ್ಲಿ ಜಿ. ಎಸ್. ಘುರ್ಯೆಯವರ ಮಾರ್ಗದರ್ಶನದಲ್ಲಿ ಎಂ.ಎ. ಪದವಿಯನ್ನೂ ಪಡೆದರು. ಪತಿ ದಿನಕರ ಕರ್ವೆ ಜರ್ಮನಿಯಲ್ಲಿ ಓದಿ ಬಂದ ರಸಾಯನಶಾಸ್ತ್ರಜ್ಞರು. ಪತ್ನಿಯೂ ಅಲ್ಲಿಯೇ ಸಂಶೋಧನೆ ಮಾಡಬೇಕೆಂಬುದು ಅವರ ಅಪೇಕ್ಷೆ. ಸ್ತ್ರೀಶಿಕ್ಷಣಕ್ಕಾಗಿ ಬದುಕನ್ನೇ ಮುಡಿಪಾಗಿಟ್ಟ ಮಾವ ಮಹರ್ಷಿ ಧೋಂಡೋ ಕೇಶವ ಕರ್ವೆಯವರು ಇದಕ್ಕೆ ಒಪ್ಪದೆ ಹೋದದ್ದು ವಿಪರ್ಯಾಸವೇ ಸರಿ. ಜೀವರಾಜ ಮೆಹತಾ ಅವರು ಕೊಟ್ಟ ಸಾಲದಿಂದ 1928ರಲ್ಲಿ ಪಯಣ ಸಾಧ್ಯವಾಯಿತು.

1810ರಲ್ಲಿ ಸ್ಥಾಪಿತವಾದ ಬರ್ಲಿನ್ ವಿಶ್ವವಿದ್ಯಾಲಯವು ಬೋಧನೆ ಮತ್ತು ಸಂಶೋಧನೆಗಳನ್ನು ಬೆಸೆದ ಆದರ್ಶಕ್ಕೆ ಹೆಸರಾದುದು. ಇರಾವತಿಯವರ ಕೆಲಸ ನಡೆದದ್ದು ನಗರದ ಡಾಲೆಮ್ ಭಾಗದಲ್ಲಿ 1927ರಲ್ಲಿ ಆರಂಭವಾಗಿದ್ದ ಕೈಸರ್ ವಿಲ್ಹೆಲ್ಮ್ ಮಾನವಶಾಸ್ತ್ರ ಸಂಸ್ಥೆಯಲ್ಲಿ. ಅದರ ನಿರ್ದೇಶಕರಾದ ಆಯ್ಗೆನ್ ಫಿಷರ್ ಅವರೇ ಮಾರ್ಗದರ್ಶಕರು. ಐರೋಪ್ಯರ ತಲೆಬುರುಡೆಯ ಎಡಬಲಗಳಲ್ಲಿ ವಿಶೇಷವಾದ ಅಸಮತೆಯಿದೆ, ಅದು ಅವರ ಬುದ್ಧಿಯ ಮೇಲ್ಮೆಯ ಕುರುಹು ಎಂಬುದು ಗುರುವಿನ ಊಹೆ. ಅದನ್ನು ಅಳತೆಗಳಿಂದ ಸ್ಥಾಪಿಸುವ ಹೊಣೆ ಶಿಷ್ಯೆಯದಾಯಿತು. ಆಕೆಯ ಕೈಗೆ ಬಂದ ಬುರುಡೆಗಳಲ್ಲಿ ಜರ್ಮನಿಯ ಆಫ್ರಿಕನ್ ವಸಾಹತಿನಿಂದ ತಂದವೂ ಇದ್ದವು. ವಸಾಹತಾಗಿದ್ದ ಇನ್ನೊಂದು ನಾಡಿನ ಹೆಣ್ಣುಮಗಳು ಅವುಗಳನ್ನು ಒಂದೊಂದಾಗಿ ಅಳೆದರು. ಅಸಮತೆ ಎಲ್ಲ ಜನಾಂಗಗಳಲ್ಲಿಯೂ ಕಂಡಿತು. ಜನಾಂಗಕ್ಕೂ ಅದಕ್ಕೂ ಸಂಬಂಧ ಕಾಣಲಿಲ್ಲ. ಜರ್ಮನ್ ಭಾಷೆಯಲ್ಲಿ ರಚಿಸಿದ ಪ್ರಬಂಧದಲ್ಲಿ ಅವರು ಕಂಡುದನ್ನೇ ಬರೆದರು. 1930ರಲ್ಲಿ ಡಾಕ್ಟರೇಟ್ ದೊರೆಯಿತು.

ಆ ಬರವಣಿಗೆಯ ಬೆಲೆ ತಿಳಿಯುವುದು ಮುಂದಿನ ಚರಿತ್ರೆಯ ಬೆಳಕಿನಲ್ಲಿ. ಫಿಷರ್ 1933ರಲ್ಲಿ ಅದೇ ವಿಶ್ವವಿದ್ಯಾಲಯದ ರೆಕ್ಟರ್ ಆದರು. ಅವರ ಜನಾಂಗ ಸಿದ್ಧಾಂತ ನಾಜಿ ಆಳ್ವಿಕೆಗೆ ಶಾಸ್ತ್ರದ ಮುಸುಕನ್ನು ಒದಗಿಸಿತು. ಆಶ್ವಿಟ್ಸ್ ಶಿಬಿರದಿಂದ ಮೆಂಗೆಲೆ ಮಾನವ ದೇಹಾಂಶಗಳನ್ನು ಕಳುಹಿಸಿದ್ದು ಇದೇ ಸಂಸ್ಥೆಗೆ. ಹಾಗೆಂದು ಇರಾವತಿಯವರು ಅಳತೆಗೋಲನ್ನು ಬಿಸುಟವರಲ್ಲ. ಸ್ವದೇಶದಲ್ಲಿಯೂ ಜಾತಿಸಮುದಾಯಗಳ ದೇಹಮಾಪನವನ್ನು ಬಹುಕಾಲ ಮುಂದುವರಿಸಿದರು. ಬರ್ಲಿನ್ ಕಲಿಸಿದ ವಿಧಾನದಿಂದ ಅವರು ಪೂರ್ಣ ಬಿಡುಗಡೆ ಪಡೆಯಲಿಲ್ಲವೆಂಬುದನ್ನು ಮರೆಮಾಚಬೇಕಾಗಿಲ್ಲ. ಆದರೆ ಅಳತೆ ಹೇಳದ ಮಾತನ್ನು ಅದರ ಬಾಯಿಂದ ಹೇಳಿಸಬಾರದೆಂಬ ವಿವೇಕವನ್ನು ಅವರು ಮೆರೆದದ್ದೂ ಅಲ್ಲಿಯೇ.

1939ರಲ್ಲಿ ಪುಣೆಯ ಡೆಕ್ಕನ್ ಕಾಲೇಜನ್ನು ಸೇರಿದ ಮೇಲೆ ಅವರ ದೃಷ್ಟಿ ಬುರುಡೆಯಿಂದ ಬಾಂಧವ್ಯದತ್ತ ಹೊರಳಿತು. 1953ರಲ್ಲಿ ಪ್ರಕಟವಾದ, ಭಾರತದ ಬಾಂಧವ್ಯ ವ್ಯವಸ್ಥೆಯನ್ನು ಕುರಿತ ಗ್ರಂಥದಲ್ಲಿ ದೇಶವನ್ನು ಉತ್ತರ, ಮಧ್ಯ, ದಕ್ಷಿಣ, ಪೂರ್ವ ಎಂಬ ನಾಲ್ಕು ವಲಯಗಳಾಗಿ ವಿಂಗಡಿಸಿದರು. ಕನ್ನಡ ವಿದ್ಯಾರ್ಥಿಗಳಿಗೆ ಈ ಗ್ರಂಥ ಎರಡು ಕಾರಣಗಳಿಂದ ಮುಖ್ಯ. ತಾಯಿಯ ಸೋದರನೂ ಗಂಡನ ತಂದೆಯೂ ನಮಗೆ ಮಾವನೇ. ತಂದೆಯ ಸೋದರಿಯೂ ಗಂಡನ ತಾಯಿಯೂ ಅತ್ತೆಯೇ. ಸೋದರಿಕೆಯ ವಿವಾಹಪದ್ಧತಿ ಪದಕೋಶದಲ್ಲಿ ಹೀಗೆ ಅಚ್ಚೊತ್ತಿದೆ. ಬಂಧುವಾಚಕಗಳು ಸಮಾಜದ ಶಾಸನಗಳೇ ಆಗಬಲ್ಲವು. ಎರಡನೆಯದಾಗಿ, ಕರ್ನಾಟಕ ದಕ್ಷಿಣ ವಲಯದಲ್ಲಿಯೂ ಮಹಾರಾಷ್ಟ್ರ ಮಧ್ಯ ವಲಯದಲ್ಲಿಯೂ ನಿಂತರೂ, ಸೋದರಮಾವನ ಮಗಳನ್ನು ತರುವ ರೂಢಿ ಮರಾಠಿ ಸಮುದಾಯಗಳಲ್ಲಿಯೂ ಉಂಟು. ಭೂಪಟದ ಗೆರೆಯಂತೆ ಸಂಸ್ಕೃತಿಯ ಗೆರೆ ಕಡಿದು ನಿಲ್ಲುವುದಿಲ್ಲ. ಹೊರನಾಡಿನಲ್ಲಿ ಕನ್ನಡ ಕಲಿಸುವ, ಕಲಿಯುವ ನಮಗೆ ಇದು ನಿತ್ಯದ ಅನುಭವ.

1967ರಲ್ಲಿ ಬಂದ ಮರಾಠಿ ಕೃತಿ ‘ಯುಗಾಂತ’ ಮಹಾಭಾರತದ ಗಾಂಧಾರಿ, ಕುಂತಿ, ದ್ರೌಪದಿಯರನ್ನು ದೈವತ್ವದ ಪ್ರಭೆಯಿಂದ ಹೊರತಂದು ಮನುಷ್ಯರನ್ನಾಗಿ ನೋಡಿತು. ಸಾಹಿತ್ಯ ಅಕಾಡೆಮಿ ಪ್ರಶಸ್ತಿಗೂ ಪಾತ್ರವಾಯಿತು. ಪೂಜ್ಯವಾದ ಪಠ್ಯದ ಮುಂದೆಯೂ ಅವರದು ಡಾಲೆಮ್ಮಿನ ವಿದ್ಯಾರ್ಥಿನಿಯ ನಿಲುವೇ: ಗೌರವ ಬೇಕು, ಆದರೆ ಆಧಾರವೂ ಬೇಕು. 1970ರ ಆಗಸ್ಟ್ 11ರಂದು ಅವರು ನಿಧನರಾದರು.

ಮಾರ್ಗದರ್ಶಕರ ಇಷ್ಟಾನಿಷ್ಟಗಳನ್ನು ಅರಿತು ತೀರ್ಮಾನಗಳನ್ನು ಹದಗೊಳಿಸುವ ಪ್ರಲೋಭನ ನಮ್ಮ ವಿಭಾಗಗಳಿಗೂ ಅಪರಿಚಿತವಲ್ಲ. ಇರಾವತಿಯವರ ಆ ಜರ್ಮನ್ ಪ್ರಬಂಧವನ್ನು ನಮ್ಮಲ್ಲಿ ಓದುವವರು ಬಹಳ ಇರಲಾರರು. ಅದು ಬರೆಯಲ್ಪಟ್ಟ ಬಗೆಯನ್ನಾದರೂ ಪ್ರತಿಯೊಬ್ಬ ಸಂಶೋಧನ ವಿದ್ಯಾರ್ಥಿಯೂ ತಿಳಿದಿರಬೇಕು. ಮಾರ್ಗದರ್ಶಕರಾದ ನಾವು ಇನ್ನೂ ಚೆನ್ನಾಗಿ ತಿಳಿದಿರಬೇಕು.