ಮುಂಡರಗಿಯ ಭೀಮರಾಯರು

ನಮ್ಮ ಲಕ್ಷ್ಮೇಶ್ವರದಿಂದ ಹೊರಟು ಶಿರಹಟ್ಟಿಯನ್ನು ದಾಟಿ, ಕಪ್ಪತಗುಡ್ಡದ ಸೆರಗನ್ನು ಹಿಡಿದು ಸಾಗಿದರೆ ಮುಂಡರಗಿ ಸಿಕ್ಕುತ್ತದೆ. ಇಂದು ಅದು ಬಸ್ಸಿನಲ್ಲಿ ಕುಳಿತು ಒಂದು ಜೊಂಪು ತೆಗೆಯುವಷ್ಟರ ಹಾದಿ. ಆದರೆ 1858ರಲ್ಲಿ ಅದೇ ಹಾದಿಯಲ್ಲಿ ಬಂಡಿ ಹೂಡಿಕೊಂಡು ಹೊರಟವನು ಮೂರು ಆಳಿಕೆಗಳನ್ನು ದಾಟಬೇಕಾಗಿತ್ತು. ಲಕ್ಷ್ಮೇಶ್ವರವು ಮಿರಜದ ಪಟವರ್ಧನರಿಗೆ ಸೇರಿತ್ತು, ಶಿರಹಟ್ಟಿ ಸಾಂಗಲಿಯವರದು, ಮುಂಡರಗಿ ಕಂಪನಿ ಸರಕಾರದ್ದು. ಅಲ್ಲಿಂದ ಮೂಡಲಿಗೆ ಕೊಪ್ಪಳವನ್ನು ಮುಟ್ಟಿದರೆ ನಿಜಾಮರ ಸೀಮೆ. ಇಷ್ಟು ಸರಕಾರಗಳ ನಡುವೆ ಬದುಕಿದ ಜನಕ್ಕೆ ಸರಕಾರವೆಂದರೇನೆಂಬುದು ನಮಗಿಂತ ಚೆನ್ನಾಗಿ ಗೊತ್ತಿದ್ದಿರಬೇಕು.

ಈ ಹಾದಿಯಲ್ಲಿ ಹೋದಾಗಲೆಲ್ಲ ನನಗೆ ಮುಂಡರಗಿ ಭೀಮರಾಯರ ನೆನಪಾಗುತ್ತದೆ. ಅವರ ಶೌರ್ಯವನ್ನು ಹೊಗಳಿ ಬರೆದವರು ಬಹು ಮಂದಿ. ಅದಕ್ಕೆ ನನ್ನದೊಂದು ಸಾಲನ್ನು ಸೇರಿಸಬೇಕಾದ ಅವಶ್ಯಕತೆಯಿಲ್ಲ. ನನ್ನ ಮನಸ್ಸನ್ನು ಹಿಡಿದು ನಿಲ್ಲಿಸುವುದು ಬೇರೊಂದು ಸಂಗತಿ. ಭೀಮರಾಯರು ಕತ್ತಿ ಹಿಡಿಯುವುದಕ್ಕೆ ಮೊದಲು ಲೇಖನಿ ಹಿಡಿದವರು; ಅದೂ ಯಾರ ವಿರುದ್ಧ ಬಂಡೆದ್ದರೋ ಆ ಸರಕಾರದ ಲೇಖನಿಯನ್ನೇ.

ಅವರದು ಮುಂಡರಗಿಯ ನಾಡಗೀರರ ಮನೆತನ. ನಾಡಗೀರಿಕೆಯೆಂದರೆ ಊರಿನ ಭೂಮಿ, ಕಂದಾಯ, ಹಕ್ಕುಗಳ ಲೆಕ್ಕವೆಲ್ಲ ಮನೆಯೊಳಗೇ ಇದ್ದಂತೆ. ಆ ತಿಳಿವಳಿಕೆಯ ಬಲದ ಮೇಲೆ ಭೀಮರಾಯರು ಬಳ್ಳಾರಿಯ ಕಡೆಗೆ ಕಂಪನಿಯ ಕಂದಾಯ ಖಾತೆಯಲ್ಲಿ ಅಧಿಕಾರಿಯಾದರು. ಮೇಲಿನವರೊಡನೆ ಸರಿಬೀಳಲಿಲ್ಲ, ಕೆಲಸ ಹೋಯಿತು. ಮಾನಧನರಾದ ಅವರು ಊರಿಗೆ ಮರಳಿದರು. ಅಧಿಕಾರ ಕಳೆದುಕೊಂಡ ಸಿಟ್ಟಿನಿಂದಲೇ ಅವರು ದಂಗೆ ಎದ್ದರೆಂದು ಇಂಗ್ರೇಜರ ಪಕ್ಷದವರು ಹೇಳುವುದುಂಟು. ಸಿಟ್ಟು ಇರಲಿಲ್ಲವೆಂದು ನಾನೂ ಹೇಳಲಾರೆ. ಆದರೆ ಒಬ್ಬನ ಸಿಟ್ಟಿಗೆ ಹಳ್ಳಿಹಳ್ಳಿಯ ಗೌಡರು, ದೇಸಾಯರು, ಬೇಡರ ಪಡೆ ಬಂದು ಕೂಡಿಕೊಳ್ಳುವುದಿಲ್ಲ.

ಆ ಜನ ಕೂಡಿಕೊಂಡದ್ದೇಕೆ? 1852ರಲ್ಲಿ ಮುಂಬಯಿ ಇಲಾಖೆಯ ಇನಾಮು ಆಯೋಗಕ್ಕೆ ಕಾಯಿದೆಯ ಬಲ ಸಿಕ್ಕಿತು. ತಲೆತಲಾಂತರದಿಂದ ಉಂಡುಬಂದ ಭೂಮಿಗೆ ಕಾಗದಪತ್ರ ತೋರಿಸೆಂದು ಕೇಳುವುದೇ ಅದರ ಕೆಲಸ. ಪತ್ರವಿಲ್ಲದವನ ಇನಾಮು ಹೋಯಿತು. ಇದನ್ನು ಯಾರೂ ಲೂಟಿಯೆಂದು ಕರೆಯಲಿಲ್ಲ. ಹಕ್ಕುಗಳ ಪರಿಶೀಲನೆಯೆಂದು ಕರೆದರು. ಗಂಡುಸಂತಾನವಿಲ್ಲದ ನರಗುಂದದ ಬಾಬಾಸಾಹೇಬರಿಗೆ ದತ್ತಕದ ಅನುಮತಿ ಸಿಕ್ಕಲಿಲ್ಲ. ಅದಕ್ಕೂ ಒಂದು ನ್ಯಾಯಶಾಸ್ತ್ರವಿತ್ತು. ಬಳಿಕ ಬಂದದ್ದು 1857ರ ಆಯುಧಗಳ ಕಾಯಿದೆ. ಪ್ರಜೆಗಳ ಶಾಂತಿಗಾಗಿ ಪ್ರಜೆಗಳು ತಮ್ಮ ಆಯುಧಗಳನ್ನು ಸರಕಾರಕ್ಕೆ ಒಪ್ಪಿಸತಕ್ಕದ್ದು.

ಮುಧೋಳದ ಹತ್ತಿರದ ಹಲಗಲಿಯ ಬೇಡರಿಗೆ ಈ ನ್ಯಾಯ ತಿಳಿಯಲಿಲ್ಲ. ಬೇಡನಿಗೆ ಆಯುಧವೆಂದರೆ ಒಕ್ಕಲಿಗನಿಗೆ ನೇಗಿಲಿದ್ದಂತೆ. ಬೇಟೆ ಅದರಿಂದ, ಕಾವಲಿನ ಕೆಲಸ ಅದರಿಂದ, ಮದುವೆಯ ಮೆರವಣಿಗೆಯ ಮಾನವೂ ಅದರಿಂದ. ಅವರು ಕೊಡಲೊಪ್ಪಲಿಲ್ಲ. 1857ರ ನವೆಂಬರದ ಕೊನೆಯಲ್ಲಿ ದಂಡು ಬಂದು ಊರಿಗೆ ಬೆಂಕಿಯಿಟ್ಟಿತು. ಡಿಸೆಂಬರದಲ್ಲಿ 19 ಮಂದಿಯನ್ನು ಜನರೆದುರಿಗೆ ಗಲ್ಲಿಗೇರಿಸಿದರು. ಕೇವಲ ಒಂದು ಹಳ್ಳಿಯ ಮಾತು ಇದು! ಶಾಂತಿಗಾಗಿ ಆಯುಧ ಕೇಳಿದ ಸರಕಾರಕ್ಕೆ ಆ ಊರನ್ನು ಸುಡುವುದಕ್ಕೂ ಶಾಂತಿಯೇ ಕಾರಣವಾಗಿ ಒದಗಿತು.

ಭೀಮರಾಯರು ಹಲಗಲಿಯ ಸುದ್ದಿಯನ್ನು ಹೇಗೆ ಕೇಳಿದರೆಂದು ನಾನು ಊಹಿಸಿಕೊಂಡಿದ್ದೇನೆ. ಉಳಿದವರು ಅದರಲ್ಲಿ ಹೊಗೆಯನ್ನೂ ನೇಣನ್ನೂ ಕಂಡಿರಬೇಕು. ಕಚೇರಿಯನ್ನು ಒಳಗಿನಿಂದ ಬಲ್ಲ ಭೀಮರಾಯರಿಗೆ ಅದರ ಹಿಂದಿನ ಬರಹವೂ ಕಂಡಿರಬೇಕು. ಇಂಥ ಕೆಲಸಕ್ಕೆ ಮೊದಲು ವರದಿ ಹೋಗುತ್ತದೆ. ವರದಿಯಲ್ಲಿ ಆ ಜನ ಅಶಾಂತರು, ಮೂಢರು, ತಮ್ಮ ಹಿತವನ್ನು ತಾವರಿಯದವರು ಎಂದಿರುತ್ತದೆ. ಆ ಮೂರು ಮಾತುಗಳು ಕಾಗದದ ಮೇಲೆ ಮೂಡಿದ ಬಳಿಕ ಮುಂದಿನದೆಲ್ಲವೂ ಕರ್ತವ್ಯವಾಗಿಬಿಡುತ್ತದೆ. ಸಹಿ ಮಾಡುವವನ ಕೈ ನಡುಗಬೇಕಾದ ಕಾರಣವಿಲ್ಲ.

ಮುಂದಿನ ಕಥೆ ಸಂಕ್ಷೇಪವಾದುದು. ಭೀಮರಾಯರು, ತುಂಗಭದ್ರೆಯ ದಂಡೆಯ ಹಮ್ಮಿಗಿಯ ಕೆಂಚನಗೌಡರು, ನರಗುಂದದ ಬಾಬಾಸಾಹೇಬರು ಒಳಗೊಳಗೇ ಒಂದಾದರು. ಬಚ್ಚಿಟ್ಟ ಆಯುಧಗಳ ಸುಳಿವು ಅಧಿಕಾರಿಗಳಿಗೆ ಹತ್ತಿತು, ಮುದ್ರೆ ಬಿತ್ತು. 1858ರ ಮೇ 24ರಂದು ಬಂಡುಗಾರರು ಮುದ್ರೆಯನ್ನೊಡೆದು ಕಾವಲಿನವರನ್ನು ಕೊಂದರು. ಡಂಬಳದ ಖಜಾನೆ ಲೂಟಿಯಾಯಿತು. ಅಲ್ಲಿಂದ ಕೊಪ್ಪಳದ ಕೋಟೆ ಅವರ ವಶವಾಯಿತು. ಮೇ 29ರ ರಾತ್ರಿ ಬಾಬಾಸಾಹೇಬರು ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟನಾದ ಮ್ಯಾನ್ಸನ್ನನನ್ನು ಕೊಂದರು. ಜೂನ್ 1ರಂದು ಮೇಜರ್ ಹ್ಯೂಸನ ದಂಡು ಕೊಪ್ಪಳದ ಮೇಲೆ ಬಿದ್ದಿತು. ಭೀಮರಾಯರೂ ಕೆಂಚನಗೌಡರೂ ಕೋಟೆಯಲ್ಲಿಯೇ ಮಡಿದರು. ಬಾಬಾಸಾಹೇಬರಿಗೆ ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲು. ಆರಂಭವಾಗಿ ಮೂರು ವಾರ ತುಂಬುವುದರೊಳಗೆ ಎಲ್ಲವೂ ಮುಗಿದಿತ್ತು.

ಇಲ್ಲಿ ಒಂದು ಮಾತನ್ನು ಬಿಟ್ಟರೆ ನಾನು ಅಪ್ರಾಮಾಣಿಕನಾದೇನು. ಆ ಕಾವಲಿನವರು ಯಾರು? ವಿಲಾಯಿತಿಯಿಂದ ಬಂದವರಲ್ಲ, ಸಂಬಳಕ್ಕೆ ನಿಂತಿದ್ದ ನಮ್ಮ ಸೀಮೆಯ ಬಡವರೇ ಆಗಿರಬೇಕು. ಅವರ ಹೆಸರನ್ನು ಯಾವ ಪೋವಾಡದವನೂ ಹಾಡಲಿಲ್ಲ. ನಾಡಿನ ಹಿತವೆಂಬ ಕಾರಣ ಭೀಮರಾಯರ ಕೈಯಲ್ಲಿಯೂ ಇತ್ತಷ್ಟೇ. ಆದರೆ ಅವರು ತಮ್ಮ ಕಾರಣಕ್ಕೆ ತಮ್ಮ ಪ್ರಾಣವನ್ನೇ ಬೆಲೆಯಾಗಿ ಕೊಟ್ಟರು. ಕಚೇರಿಯಲ್ಲಿ ಕುಳಿತು ಕಾರಣ ಬರೆದವರು ಮಾತ್ರ ನಿವೃತ್ತಿವೇತನ ಪಡೆದು ಊರಿಗೆ ಹೋದರು. ಈ ಅಂತರ ಸಣ್ಣದಲ್ಲವೆಂದೇ ನನ್ನ ಎಣಿಕೆ.

ಭೀಮರಾಯರೊಡನೆ ಆ ಬರಹ ಸಾಯಲಿಲ್ಲ. 1869ರಲ್ಲಿ ಆಸ್ಟ್ರೇಲಿಯದ ವಿಕ್ಟೋರಿಯಾ ಪ್ರಾಂತದಲ್ಲಿ ಅಲ್ಲಿಯ ಮೂಲನಿವಾಸಿಗಳ ರಕ್ಷಣೆಗೆಂದು ಒಂದು ಕಾಯಿದೆ ಹುಟ್ಟಿತು. ಅವರು ಎಲ್ಲಿ ಇರಬೇಕು, ಏನು ಕೆಲಸ ಮಾಡಬೇಕು, ಅವರ ಮಕ್ಕಳು ಯಾರ ಬಳಿ ಬೆಳೆಯಬೇಕು ಎಂಬುದೆಲ್ಲ ಸರಕಾರದ ಕೈಸೇರಿತು. ರಕ್ಷಣೆಯ ಹೆಸರಿನಲ್ಲಿ ತಾಯಂದಿರ ಮಡಿಲಿನಿಂದ ಮಕ್ಕಳನ್ನು ಎಳೆದೊಯ್ದದ್ದಕ್ಕೆ ಆ ದೇಶದ ಪ್ರಧಾನಿ ಪಾರ್ಲಿಮೆಂಟಿನಲ್ಲಿ ಕ್ಷಮೆ ಕೇಳಿದ್ದು 2008ರಲ್ಲಿ. ನಮ್ಮಲ್ಲಿ 1871ರಲ್ಲಿ ಬಂದದ್ದು ಅಪರಾಧಿ ಬುಡಕಟ್ಟುಗಳ ಕಾಯಿದೆ. ಹುಟ್ಟುವ ಕೂಸು ತೊಟ್ಟಿಲಿನಲ್ಲಿಯೇ ಕಳ್ಳನೆಂದು ಅದು ಸಾರಿತು. 1911ರ ಕಾಯಿದೆಯಿಂದ ಅದು ಮುಂಬಯಿ ಇಲಾಖೆಗೂ ಬಂದು, ಭೀಮರಾಯರು ತಿರುಗಾಡಿದ ಇದೇ ಸೀಮೆಯನ್ನು ಹೊಕ್ಕಿತು. ಗಂಟಿಚೋರರು, ಕೊರವರು, ಹರಣಶಿಕಾರಿಗಳು ಮುಂತಾದವರನ್ನು ತಂದು ವಿಜಾಪುರ, ಹುಬ್ಬಳ್ಳಿ, ಗದಗಗಳಲ್ಲಿ ಕೂಡಿಹಾಕಿದರು. ಆ ಜಾಗಗಳಿಗೆ ಸೆಟ್ಲಮೆಂಟ್ ಎಂದು ಹೆಸರು. ಹಾಜರಿ ಕೊಡಬೇಕು, ಚೀಟಿಯಿಲ್ಲದೆ ಹೊರಗೆ ಕಾಲಿಡಕೂಡದು, ಗಿರಣಿಯಲ್ಲಿ ದುಡಿಯಬೇಕು. ಕಾಗದದ ಮೇಲಿನ ಕಾರಣ ಅವರ ಉದ್ಧಾರ. ಗಿರಣಿಗೆ ಅಗ್ಗದ ಆಳು ಬೇಕಾಗಿತ್ತೆಂಬುದು ಅದರಡಿಯಲ್ಲಿ ಅಡಗಿತ್ತು.

1952ರ ಆಗಸ್ಟ್ 31ರಂದು ಆ ಕಾಯಿದೆ ಇಡಿಯ ದೇಶದಲ್ಲಿ ರದ್ದಾಯಿತು. ಬೆಟಗೇರಿಯಲ್ಲಿ ಸೆಟ್ಲಮೆಂಟ್ ಎಂಬ ಹೆಸರು ಮಾತ್ರ ಓಣಿಯ ಹೆಸರಾಗಿ ಉಳಿಯಿತು.

ನಾನು ಗದಗಿನಲ್ಲಿ ಹೈಸ್ಕೂಲು ಓದಿದವನು. ಆ ಓಣಿಯ ಹುಡುಗನೊಬ್ಬ ನಮ್ಮ ವರ್ಗದಲ್ಲಿದ್ದ. ಲೆಕ್ಕದಲ್ಲಿ ನನಗಿಂತ ಚುರುಕು. ಒಂದು ದಿನ ಇತಿಹಾಸದ ಪಾಠ ನಡೆದಿತ್ತು. ಅಂದು ಭೀಮರಾಯರ ಕಥೆ. ಮಾಸ್ತರರು ಬಹಳ ಸೊಗಸಾಗಿ ಹೇಳಿದರು. ನಮ್ಮೆಲ್ಲರ ಮೈ ನವಿರೆದ್ದಿತ್ತು. ಪಾಠ ಮುಗಿಯುವ ಹೊತ್ತಿಗೆ ನನ್ನ ಪೆನ್ನು ಕಾಣೆಯಾದುದು ನನ್ನ ಗಮನಕ್ಕೆ ಬಂದು ನಾನು ಎದ್ದುನಿಂತು ಹೇಳಿದೆ. ಮಾಸ್ತರರು ಯಾರ ಹೆಸರನ್ನೂ ಹಿಡಿಯಲಿಲ್ಲ, ನಾನೂ ಹಿಡಿಯಲಿಲ್ಲ. ಆದರೆ ವರ್ಗದ ಕಣ್ಣೆಲ್ಲ ಒಂದೇ ಕಡೆಗೆ ತಿರುಗಿದವು. ನನ್ನವೂ ತಿರುಗಿದವು. ಆ ಹುಡುಗ ಒಂದು ಮಾತನ್ನೂ ಆಡಲಿಲ್ಲ. ಯಾರೂ ಕೇಳುವುದಕ್ಕೆ ಮೊದಲೇ ಎದ್ದು ಮುಂದೆ ಬಂದು, ತನ್ನ ಚೀಲವನ್ನು ಮಾಸ್ತರರ ಮೇಜಿನ ಮೇಲೆ ಬೋರಲು ಹಾಕಿ ಸುರುವಿದ. ಎರಡು ಪುಸ್ತಕ, ಒಂದು ಪಾಟಿ, ಬಟ್ಟೆಯಲ್ಲಿ ಕಟ್ಟಿದ ರೊಟ್ಟಿ. ಹಾಜರಿ ಕೊಡುವವನಂತೆ ಕೈಕಟ್ಟಿ ನಿಂತ.

ಪೆನ್ನು ಆ ಸಂಜೆ ನಮ್ಮ ಮನೆಯಲ್ಲಿಯೇ ಸಿಕ್ಕಿತು. ಮರುದಿನ ನಾನು ಅದನ್ನು ಶಾಲೆಗೆ ಒಯ್ಯಲಿಲ್ಲ.